ಸಾವು ಬಾಗಿಲಲ್ಲಿದ್ದಾಗ ನಾಳೆಯ ಬಗ್ಗೆ ಬರೆದವನು

1793ರ ಜುಲೈ ತಿಂಗಳು. ಪ್ಯಾರಿಸ್‌ನ ಲಕ್ಸೆಂಬರ್ಗ್ ಉದ್ಯಾನದ ಹತ್ತಿರದ ಒಂದು ಬೀದಿಯಲ್ಲಿ ಮದಾಮ್ ವೆರ್ನೆ ಎಂಬ ವಿಧವೆಯ ಮನೆ. ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಜೀವನ ಸಾಗಿಸುತ್ತಿದ್ದ ಹೆಣ್ಣುಮಗಳು ಆಕೆ. ಸರ್ಕಾರ ಹುಡುಕುತ್ತಿರುವ ಒಬ್ಬನನ್ನು ಬಚ್ಚಿಡಬಹುದೇ ಎಂದು ಪರಿಚಿತರು ಬಂದು ಕೇಳಿದಾಗ ಆಕೆ ಹೆಸರನ್ನೂ ವಿಚಾರಿಸಲಿಲ್ಲವಂತೆ. ಮನುಷ್ಯ ಒಳ್ಳೆಯವನೇ ಎಂದಷ್ಟೇ ಕೇಳಿದಳಂತೆ. ಹಾಗೆ ಆ ಮನೆಯೊಳಗೆ ಬಂದವನು ಫ್ರಾನ್ಸಿನ ಹೆಸರಾಂತ ಗಣಿತಜ್ಞ, ವಿಜ್ಞಾನ ಅಕಾಡೆಮಿಯ ಕಾರ್ಯದರ್ಶಿಯಾಗಿದ್ದವನು, ಜನರಿಂದ ಆಯ್ಕೆಯಾದ ಪ್ರತಿನಿಧಿ. ಹೆಸರು ಕಾಂಡೊರ್ಸೆ.

ಮುಂದಿನ ಎಂಟು ತಿಂಗಳಿಗೂ ಹೆಚ್ಚು ಕಾಲ ಆತ ಆ ಮನೆಯಲ್ಲೇ ಅಡಗಿದ್ದ. ಹೊರಗೆ ಗಿಲೊಟಿನ್ ಬಿಡುವಿಲ್ಲದೆ ಕೆಲಸ ಮಾಡುತ್ತಿತ್ತು. ಜೊತೆಗೆ ಓಡಾಡಿದ ಗೆಳೆಯರ ತಲೆಗಳು ಉರುಳುತ್ತಿದ್ದವು. ಒಳಗೆ ಕುಳಿತು ಆತ ಬರೆದದ್ದು ಮನುಕುಲದ ಮುಂದಿನ ದಿನಗಳು ಎಷ್ಟು ಚೆನ್ನಾಗಿರಬಲ್ಲವು ಎಂಬ ಪುಸ್ತಕವನ್ನು!

ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಕೆ-ಸೆಟ್‌ಗೆ ಓದುತ್ತಿರುವ ನನಗೆ ಈ ಹೆಸರು ಮೊದಲು ಸಿಕ್ಕಿದ್ದು ನೋಟ್ಸ್‌ನ ಒಂದೇ ಒಂದು ಸಾಲಿನಲ್ಲಿ. ಸಮಾಜಶಾಸ್ತ್ರದ ಪಿತಾಮಹ ಎಂದು ನಾವೆಲ್ಲ ಉರುಹೊಡೆಯುವ ಆಗಸ್ಟ್ ಕಾಮ್ಟ್, ಕಾಂಡೊರ್ಸೆಯನ್ನು ತನ್ನ ಬೌದ್ಧಿಕ ತಂದೆ ಎಂದು ಒಪ್ಪಿಕೊಂಡಿದ್ದ ಎಂಬ ಸಾಲು ಅದು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಪಿತಾಮಹನಿಗೂ ಒಬ್ಬ ತಂದೆ ಇದ್ದನಲ್ಲ, ಅವನು ಯಾರು ಎಂಬ ಕುತೂಹಲ ಹುಟ್ಟಿ ಗ್ರಂಥಾಲಯದಲ್ಲಿ ಹುಡುಕುತ್ತ ಹೋದೆ. ಸಿಕ್ಕಿದ್ದು ಒಂದು ಅಂಕದ ಉತ್ತರಕ್ಕಿಂತ ಬಹಳ ದೊಡ್ಡ ಬದುಕು.

ಕತ್ತಿ ಬಿಟ್ಟು ಲೆಕ್ಕ ಹಿಡಿದ ಹುಡುಗ

1743ರ ಸೆಪ್ಟೆಂಬರ್ 17ರಂದು ಉತ್ತರ ಫ್ರಾನ್ಸಿನ ರಿಬ್ಮೊಂ ಎಂಬ ಪುಟ್ಟ ಊರಿನಲ್ಲಿ ಆತ ಹುಟ್ಟಿದ. ಅಪ್ಪ ಸೈನ್ಯಾಧಿಕಾರಿ. ಮಗು ಹುಟ್ಟಿ ಕೆಲವೇ ವಾರಗಳಲ್ಲಿ ಅಪ್ಪ ತೀರಿಕೊಂಡ. ದೈವಭಕ್ತೆಯಾದ ತಾಯಿ ಮಗನಿಗೆ ಏನೂ ಆಗದಿರಲಿ ಎಂದು ಮಾತೆ ಮೇರಿಗೆ ಹರಕೆ ಹೊತ್ತು, ಬಾಲ್ಯದ ಹಲವು ವರ್ಷ ಅವನಿಗೆ ಬಿಳಿಯ ಹೆಣ್ಣುಡುಗೆ ತೊಡಿಸಿಯೇ ಬೆಳೆಸಿದಳು. ಓಡಲು, ಮರ ಹತ್ತಲು, ಬೀದಿ ಮಕ್ಕಳ ಜೊತೆ ಕುಸ್ತಿಯಾಡಲು ಆ ಹುಡುಗನಿಗೆ ಆಗಲಿಲ್ಲ. ದೊಡ್ಡವನಾದ ಮೇಲೂ ನಾಲ್ಕು ಜನರ ನಡುವೆ ಮುದುಡಿಕೊಳ್ಳುವ ಸ್ವಭಾವ ಹೋಗಲಿಲ್ಲ.

ಅದು ಸೈನಿಕರ ಮನೆತನ. ಗಂಡುಮಗನೆಂದರೆ ಕತ್ತಿ ಹಿಡಿಯಬೇಕು ಎಂಬುದು ಬಂಧುಗಳ ಲೆಕ್ಕಾಚಾರ. ಅವನ ಲೆಕ್ಕ ಬೇರೆಯೇ ಇತ್ತು. ಪ್ಯಾರಿಸ್‌ನ ನವಾರ್ ಕಾಲೇಜಿನಲ್ಲಿ ಓದುವಾಗ ಗಣಿತದ ರುಚಿ ಹತ್ತಿತು. ಆ ಕಾಲದ ದೊಡ್ಡ ಗಣಿತಜ್ಞ ದಾಲಂಬೇರ್ ಅವನಿಗೆ ಗುರುವಾದ. 1765ರಲ್ಲಿ, ಅಂದರೆ 22ರ ಹರೆಯದಲ್ಲಿ, ಸಮಾಕಲನ ಗಣಿತದ ಮೇಲೆ ಬರೆದ ಕೃತಿ ಹೆಸರು ತಂದಿತು. 1769ರಲ್ಲಿ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ಸಿಕ್ಕಿತು. ಮನೆಯವರಿಗೆ ಒಪ್ಪದ ದಾರಿಯನ್ನು ಹಿಡಿದು, ಅದರಲ್ಲಿ ಗೆದ್ದು ತೋರಿಸುವಷ್ಟರಲ್ಲಿ ಅವನ ಯೌವನದ ಒಳ್ಳೆಯ ವರ್ಷಗಳು ಕಳೆದಿದ್ದವು. ಏನು ಓದುತ್ತೀಯ, ಅದರಿಂದ ಏನು ಸಿಗುತ್ತದೆ ಎಂಬ ಪ್ರಶ್ನೆಯನ್ನು ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ಎದುರಿಸುವ ನಮ್ಮಂಥವರಿಗೆ ಈ ಭಾಗ ಬೇಗ ಅರ್ಥವಾಗುತ್ತದೆ.

ಗಣಿತದಲ್ಲೇ ಉಳಿದಿದ್ದರೆ ಆತ ಗಣಿತದ ಚರಿತ್ರೆಯಲ್ಲಿ ಒಂದು ಹೆಸರಾಗಿ ಇರುತ್ತಿದ್ದ. 1774ರಲ್ಲಿ ಅವನ ಹಿರಿಯ ಗೆಳೆಯ ಟರ್ಗೊ ದೇಶದ ಹಣಕಾಸು ಮಂತ್ರಿಯಾದ. ಮರುವರ್ಷ ಕಾಂಡೊರ್ಸೆ ಟಂಕಸಾಲೆಯ ಇನ್‌ಸ್ಪೆಕ್ಟರ್ ಜನರಲ್ ಆದ. ರಸ್ತೆ ಕೆಲಸಕ್ಕೆ ರೈತರನ್ನು ಕೂಲಿಯಿಲ್ಲದೆ ದುಡಿಸುವ ಬಿಟ್ಟಿ ಪದ್ಧತಿಯನ್ನು ತೆಗೆದುಹಾಕಲು ಟರ್ಗೊ ಹೊರಟ. ಅದರಿಂದ ಲಾಭ ಪಡೆಯುತ್ತಿದ್ದವರು ಸುಮ್ಮನಿರಲಿಲ್ಲ. 1776ರಲ್ಲಿ ರಾಜ ಅವನನ್ನು ಕೆಲಸದಿಂದ ತೆಗೆದ. ಒಳ್ಳೆಯ ಮಂತ್ರಿ ಒಬ್ಬ ಬಂದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಎಷ್ಟು ದುರ್ಬಲ ಎಂಬುದನ್ನು ಕಾಂಡೊರ್ಸೆ ಹತ್ತಿರದಿಂದ ಕಂಡ. ಸಮಾಜ ಹೇಗೆ ನಡೆಯುತ್ತದೆ ಎಂದು ತಿಳಿಯದೆ ಅದನ್ನು ಬದಲಾಯಿಸಲಾಗದು. ಅವನ ಮುಂದಿನ ಕೆಲಸವೆಲ್ಲ ಆ ತಿಳಿವಿನ ಹುಡುಕಾಟ.

ಜೇನುಗೂಡಿನಂತೆ ಮನುಷ್ಯ ಸಮಾಜ

ಜ್ಞಾನೋದಯ ಯುಗದ ಚಿಂತಕರ ಬಗ್ಗೆ ನಾವು ಓದುವಾಗ ವಿವೇಕ, ಸ್ವಾತಂತ್ರ್ಯ, ಪ್ರಗತಿ ಎಂಬ ಪದಗಳು ಸಾಲಾಗಿ ಬರುತ್ತವೆ. ಆ ಪದಗಳ ಹಿಂದೆ ಒಂದು ಸರಳ ಪ್ರಶ್ನೆ ಇತ್ತು. ಗ್ರಹಗಳ ಚಲನೆಗೆ ನಿಯಮವಿದೆ ಎಂದು ನ್ಯೂಟನ್ ತೋರಿಸಿದ್ದಾನೆ, ಹಾಗಾದರೆ ಮನುಷ್ಯರು ಕೂಡಿ ಬದುಕುವುದಕ್ಕೂ ನಿಯಮಗಳಿರಬೇಡವೇ? ಮಾಂಟೆಸ್ಕ್ಯೂ 1748ರಲ್ಲೇ ಕಾನೂನುಗಳನ್ನು ಆಯಾ ದೇಶದ ಜನಜೀವನ, ರೂಢಿ, ವ್ಯಾಪಾರ, ಧರ್ಮಗಳ ಜೊತೆಗಿಟ್ಟು ನೋಡಿದ್ದ. ಕಾಂಡೊರ್ಸೆ ಇನ್ನೊಂದು ಹೆಜ್ಜೆ ಮುಂದೆ ಹೋದ. 1782ರಲ್ಲಿ ಫ್ರೆಂಚ್ ಅಕಾಡೆಮಿಗೆ ಸೇರಿದಾಗ ಮಾಡಿದ ಭಾಷಣದಲ್ಲಿ ಆತ ಒಂದು ವಿಚಿತ್ರ ಕಲ್ಪನೆ ಮುಂದಿಟ್ಟ. ನಮ್ಮ ಜಾತಿಗೆ ಸೇರದ ಯಾವುದೋ ಜೀವಿ ಬಂದು, ನಾವು ಜೇನುಹುಳುಗಳ ಸಮಾಜವನ್ನು ನೋಡುವಂತೆ ಮನುಷ್ಯರ ಸಮಾಜವನ್ನು ನೋಡಿದರೆ ಹೇಗಿರುತ್ತದೆ ಎಂಬುದು ಆ ಕಲ್ಪನೆ. ಇಲ್ಲಿ ನೋಡುವವರೂ ನಾವೇ, ನೋಡಿಸಿಕೊಳ್ಳುವವರೂ ನಾವೇ. ಅದೇ ಕಷ್ಟ. ಸಂಶೋಧಕ ತನ್ನ ಪೂರ್ವಗ್ರಹ ಬಿಟ್ಟು ನೋಡಬೇಕು ಎಂದು ಇಂದಿಗೂ ಸಂಶೋಧನಾ ವಿಧಾನದ ಮೊದಲ ಪಾಠದಲ್ಲಿ ನಮಗೆ ಹೇಳಿಕೊಡುವುದು ಇದನ್ನೇ.

ಅವನು ಸಮಾಜಕ್ಕೆ ಹಚ್ಚಿದ ಗಣಿತ ಸಂಭವನೀಯತೆಯದು. 1785ರಲ್ಲಿ ಬಹುಮತದ ತೀರ್ಮಾನಗಳ ಕುರಿತು ದೊಡ್ಡ ಗ್ರಂಥವನ್ನೇ ಬರೆದ. ಅದರ ಒಂದು ಶೋಧ ನಮ್ಮ ಹಾಸ್ಟೆಲ್ ಕೋಣೆಯಲ್ಲೇ ಪರೀಕ್ಷಿಸಬಹುದಾದದ್ದು. ಭಾನುವಾರ ಏನು ಮಾಡೋಣ ಎಂದು ಮೂವರು ಗೆಳೆಯರು ಕುಳಿತಿದ್ದಾರೆ ಎನ್ನಿ. ಮೊದಲನೆಯವನ ಇಷ್ಟದ ಕ್ರಮ ಸಿನಿಮಾ, ಕ್ರಿಕೆಟ್, ಚಾರಣ. ಎರಡನೆಯವನದು ಕ್ರಿಕೆಟ್, ಚಾರಣ, ಸಿನಿಮಾ. ಮೂರನೆಯವನದು ಚಾರಣ, ಸಿನಿಮಾ, ಕ್ರಿಕೆಟ್. ಸಿನಿಮಾ ಮತ್ತು ಕ್ರಿಕೆಟ್ ನಡುವೆ ಮತ ಹಾಕಿದರೆ ಸಿನಿಮಾಗೆ ಇಬ್ಬರು. ಕ್ರಿಕೆಟ್ ಮತ್ತು ಚಾರಣದ ನಡುವೆ ಕ್ರಿಕೆಟ್‌ಗೆ ಇಬ್ಬರು. ಹಾಗಾದರೆ ಚಾರಣಕ್ಕಿಂತ ಸಿನಿಮಾ ಗೆಲ್ಲಬೇಕಲ್ಲವೇ? ಮತ ಹಾಕಿ ನೋಡಿ, ಚಾರಣವೇ ಗೆಲ್ಲುತ್ತದೆ! ಮೂವರ ಮನಸ್ಸೂ ಸ್ಪಷ್ಟವಾಗಿದೆ, ಆದರೆ ಮೂವರೂ ಸೇರಿದ ಗುಂಪಿನ ಮನಸ್ಸು ಗಿರಕಿ ಹೊಡೆಯುತ್ತದೆ. ಇದನ್ನು ಇಂದಿಗೂ ಕಾಂಡೊರ್ಸೆ ವಿರೋಧಾಭಾಸ ಎಂದೇ ಕರೆಯುತ್ತಾರೆ. ವ್ಯಕ್ತಿಗಳನ್ನು ಕೂಡಿಸಿದ ಮಾತ್ರಕ್ಕೆ ಸಮಾಜ ಅರ್ಥವಾಗದು, ಸಮಾಜಕ್ಕೆ ಅದರದೇ ನಡೆ ಇದೆ ಎಂಬ ಪಾಠವನ್ನು ನಾನು ಡರ್ಖೈಮ್‌ನಲ್ಲಿ ಓದಿದ್ದೆ. ಅದು ಲೆಕ್ಕದ ರೂಪದಲ್ಲಿ ನೂರು ವರ್ಷ ಮೊದಲೇ ಇಲ್ಲಿ ಕಂಡಿತು.

ಇನ್ನೊಂದು ಶೋಧ ಇದಕ್ಕಿಂತ ಮುಖ್ಯ. ಒಂದು ಪ್ರಶ್ನೆಗೆ ಸರಿಯುತ್ತರ ಕೊಡುವ ಸಾಧ್ಯತೆ ಪ್ರತಿಯೊಬ್ಬನಿಗೂ ನೂರಕ್ಕೆ 60 ಇದೆ ಎಂದಿಟ್ಟುಕೊಳ್ಳಿ. ಮೂವರು ತಂತಮ್ಮಷ್ಟಕ್ಕೆ ಯೋಚಿಸಿ ಬಹುಮತದಿಂದ ತೀರ್ಮಾನಿಸಿದರೆ ಆ ಸಾಧ್ಯತೆ ಸುಮಾರು 65ಕ್ಕೆ ಏರುತ್ತದೆ. ಜನ ಹೆಚ್ಚಿದಷ್ಟೂ ತೀರ್ಮಾನ ಸರಿಯಾಗುತ್ತ ಹೋಗುತ್ತದೆ. ಆದರೆ ಪ್ರತಿಯೊಬ್ಬನ ಸಾಧ್ಯತೆ 40 ಮಾತ್ರ ಇದ್ದರೆ? ಮೂವರ ಬಹುಮತದಲ್ಲಿ ಅದು ಸುಮಾರು 35ಕ್ಕೆ ಇಳಿಯುತ್ತದೆ. ಜನ ಹೆಚ್ಚಿದಷ್ಟೂ ತಪ್ಪು ಗಟ್ಟಿಯಾಗುತ್ತದೆ. ಅಂದರೆ ಬಹುಮತ ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಮತ ಹಾಕುವವರ ತಿಳಿವನ್ನು ಅದು ಹಿಗ್ಗಿಸಿ ತೋರಿಸುತ್ತದೆ ಅಷ್ಟೆ. ಜೊತೆಗೆ ಪ್ರತಿಯೊಬ್ಬರೂ ಸ್ವಂತವಾಗಿ ಯೋಚಿಸಬೇಕೆಂಬ ಷರತ್ತೂ ಇದೆ. ಒಂದೇ ವಾಟ್ಸ್ಆ್ಯಪ್ ಸಂದೇಶವನ್ನು ಓದಿ ಸಾವಿರ ಜನ ತಲೆಯಾಡಿಸಿದರೆ ಅದು ಸಾವಿರ ಅಭಿಪ್ರಾಯವಲ್ಲ, ಒಂದೇ.

ಶಾಲೆ, ಗುಲಾಮ, ಹೆಣ್ಣು

ಈ ಲೆಕ್ಕವನ್ನು ನಂಬಿದವನಿಗೆ ಮುಂದಿನ ದಾರಿ ಒಂದೇ. ಎಲ್ಲರಿಗೂ ಶಿಕ್ಷಣ ಸಿಗಬೇಕು. ಫ್ರೆಂಚ್ ಕ್ರಾಂತಿಯ ನಂತರ ಶಾಸನಸಭೆಗೆ ಆಯ್ಕೆಯಾದ ಕಾಂಡೊರ್ಸೆ, 1792ರ ಏಪ್ರಿಲ್ 20 ಮತ್ತು 21ರಂದು ಸಾರ್ವಜನಿಕ ಶಿಕ್ಷಣದ ಯೋಜನೆಯನ್ನು ಸಭೆಯ ಮುಂದಿಟ್ಟ. ಪ್ರಾಥಮಿಕ ಶಾಲೆಯಿಂದ ಅತ್ಯುನ್ನತ ವಿದ್ಯಾಸಂಸ್ಥೆಯವರೆಗೆ ಐದು ಹಂತಗಳು. ಶುಲ್ಕವಿಲ್ಲ. ಗಂಡು ಹೆಣ್ಣೆಂಬ ಭೇದವಿಲ್ಲ. ಪಾಠ ಏನಿರಬೇಕು ಎಂಬುದು ಅಧಿಕಾರದಲ್ಲಿರುವವರ ಮರ್ಜಿಗೆ ಬಿಟ್ಟದ್ದಲ್ಲ. ಕಾಲೇಜು ಬಿಟ್ಟ ಮೇಲೂ ದುಡಿಯುವ ಜನ ಕಲಿಯುತ್ತಲೇ ಇರಲು ಅವಕಾಶ. ಆತ ಓದಲು ನಿಂತ ಮೊದಲ ದಿನವೇ ಫ್ರಾನ್ಸ್ ಆಸ್ಟ್ರಿಯಾ ಮೇಲೆ ಯುದ್ಧ ಸಾರಿತು. ಶಾಲೆಗಳ ಮಾತು ಯುದ್ಧದ ಗದ್ದಲದಲ್ಲಿ ಮುಳುಗಿತು. ಆ ಯೋಜನೆ ಅವನ ಜೀವಿತದಲ್ಲಿ ಜಾರಿಗೆ ಬರಲೇ ಇಲ್ಲ.

ಎಲ್ಲರಿಗೂ ಎನ್ನುವಾಗ ಆ ಎಲ್ಲರಲ್ಲಿ ಯಾರು ಯಾರು ಇದ್ದಾರೆ ಎಂಬುದು ನೋಡಬೇಕಾದ ವಿಷಯ. ಸಮಾನತೆಯ ಬಗ್ಗೆ ಬರೆದ ಆ ಕಾಲದ ಹಲವರ ಪಟ್ಟಿಯಲ್ಲಿ ಆಸ್ತಿವಂತ ಬಿಳಿ ಗಂಡಸರಷ್ಟೇ ಇದ್ದರು. ಕಾಂಡೊರ್ಸೆ 1781ರಲ್ಲೇ, ಶ್ವಾರ್ಟ್ಸ್ ಎಂಬ ಪಾದ್ರಿಯ ಹೆಸರಿನ ಮರೆಯಲ್ಲಿ, ಗುಲಾಮಗಿರಿ ಅಪರಾಧವೆಂದು ಪುಸ್ತಕ ಬರೆದಿದ್ದ. 1790ರಲ್ಲಿ ಹೆಣ್ಣುಮಕ್ಕಳಿಗೂ ಪೌರತ್ವದ ಹಕ್ಕು ಬೇಕು ಎಂದು ತನ್ನ ಹೆಸರಿನಲ್ಲೇ ಬರೆದ. ಬಸಿರು ಬಾಣಂತನದ ಕಾರಣಕ್ಕೆ ಹೆಣ್ಣಿಗೆ ಹಕ್ಕಿಲ್ಲ ಎನ್ನುವುದಾದರೆ, ಪ್ರತಿ ಚಳಿಗಾಲದಲ್ಲೂ ಸಂಧಿವಾತದಿಂದ ಮಲಗುವ ಗಂಡಸಿಗೂ ಹಕ್ಕು ಬೇಡವಲ್ಲ ಎಂಬುದು ಅವನ ವಾದ. ಫ್ರಾನ್ಸಿನ ಮಹಿಳೆಯರಿಗೆ ಮತದಾನದ ಹಕ್ಕು ಸಿಕ್ಕಿದ್ದು 1944ರಲ್ಲಿ. ಅವನು ಬರೆದು ಒಂದೂವರೆ ಶತಮಾನ ಕಳೆದ ಮೇಲೆ.

ಈ ಬರಹಗಳ ಹಿಂದೆ ಸೋಫಿ ದ ಗ್ರೂಶಿ ಇದ್ದಳು ಎಂಬುದನ್ನು ಮರೆಯಬಾರದು. 1786ರಲ್ಲಿ ಮದುವೆಯಾದಾಗ ಅವನಿಗೆ 43, ಅವಳಿಗೆ 22. ಟಂಕಸಾಲೆಯ ಅವರ ಮನೆಯಲ್ಲಿ ಆಕೆ ನಡೆಸುತ್ತಿದ್ದ ಚರ್ಚಾಕೂಟಕ್ಕೆ ಥಾಮಸ್ ಜೆಫರ್ಸನ್, ಥಾಮಸ್ ಪೇಯ್ನ್ ಬರುತ್ತಿದ್ದರು. ಆಡಂ ಸ್ಮಿತ್‌ನ ನೈತಿಕ ಭಾವನೆಗಳ ಕುರಿತ ಗ್ರಂಥವನ್ನು ಮುಂದೆ 1798ರಲ್ಲಿ ಫ್ರೆಂಚ್‌ಗೆ ತಂದವಳು ಆಕೆ. ಅದರ ಜೊತೆಗೆ ಸಹಾನುಭೂತಿಯ ಮೇಲೆ ತನ್ನದೇ ಪತ್ರರೂಪದ ಪ್ರಬಂಧಗಳನ್ನೂ ಸೇರಿಸಿದಳು.

ಒಂದು ಕೋಣೆ, ಹತ್ತು ಯುಗಗಳು

1793ರ ಜನವರಿಯಲ್ಲಿ ರಾಜ 16ನೇ ಲೂಯಿಯ ವಿಚಾರಣೆ ನಡೆಯಿತು. ರಾಜ ತಪ್ಪಿತಸ್ಥ ಎಂದು ಕಾಂಡೊರ್ಸೆ ಒಪ್ಪಿದ. ಮರಣದಂಡನೆಗೆ ಮಾತ್ರ ಒಪ್ಪಲಿಲ್ಲ. ಯಾರಿಗೇ ಆಗಲಿ ಅದು ಕೂಡದು ಎಂಬುದು ಅವನ ನಿಲುವು. ಆತ ಸಿದ್ಧಪಡಿಸಿದ ಸಂವಿಧಾನದ ಕರಡು ಬದಿಗೆ ಸರಿಯಿತು. ಜಾಕೊಬಿನ್ ಬಣದವರು ಅವಸರದಲ್ಲಿ ಇನ್ನೊಂದನ್ನು ತಂದರು. ಅದನ್ನು ಟೀಕಿಸಿ ಆತ ಬರೆದ. ಜುಲೈ 8ರಂದು ಬಂಧನದ ಆದೇಶ ಹೊರಟಿತು. ಹಾಗೆ ಆತ ಮದಾಮ್ ವೆರ್ನೆಯ ಮನೆ ಸೇರಿದ್ದು.

ಮೊದಲು ತನ್ನ ಮೇಲಿನ ಆರೋಪಗಳಿಗೆ ಉತ್ತರ ಬರೆಯತೊಡಗಿದ್ದ. ವೇಷ ಮರೆಸಿಕೊಂಡು ನೋಡಲು ಬರುತ್ತಿದ್ದ ಸೋಫಿ, ಅದನ್ನು ಬಿಟ್ಟು ಬಾಳುವಂಥದ್ದನ್ನು ಬರೆ ಎಂದು ಒತ್ತಾಯಿಸಿದಳು. ಆಸ್ತಿ ಮುಟ್ಟುಗೋಲಾಗಿತ್ತು. ಆಕೆ ಜನರ ಪುಟ್ಟ ಭಾವಚಿತ್ರಗಳನ್ನು ಬರೆದು, ಒಳಉಡುಪಿನ ಅಂಗಡಿ ನಡೆಸಿ ಮನೆಮಂದಿಯನ್ನು ಸಾಕುತ್ತಿದ್ದಳು. ಮಗಳು ಎಲಿಜಾಗೆ ಏನಾದರೂ ಉಳಿಯಲಿ ಎಂದು, ಗಂಡನ ಒಪ್ಪಿಗೆಯಿಂದಲೇ ವಿಚ್ಛೇದನಕ್ಕೂ ಅರ್ಜಿ ಹಾಕಿದಳು. ಅಕ್ಟೋಬರ್ 31ರಂದು ಅವನ ಜೊತೆಗಾರರಾಗಿದ್ದ 21 ಜನ ಪ್ರತಿನಿಧಿಗಳನ್ನು ಗಿಲೊಟಿನ್‌ಗೆ ಒಯ್ದರು. ಅಂಥ ದಿನಗಳಲ್ಲಿ ಆತ ಮಾನವ ಮನಸ್ಸಿನ ಪ್ರಗತಿಯ ಚಿತ್ರವನ್ನು ಬರೆದ.

ಮನುಷ್ಯ ಚರಿತ್ರೆಯನ್ನು ಆ ಪುಸ್ತಕ ಹತ್ತು ಯುಗಗಳಾಗಿ ವಿಂಗಡಿಸುತ್ತದೆ. ಒಂಬತ್ತು ಆಗಿಹೋದವು. ಹತ್ತನೆಯದು ಬರಬೇಕಾದದ್ದು. ದೇಶ ದೇಶಗಳ ನಡುವಿನ ಅಸಮಾನತೆ ಅಳಿಯುವುದು, ಒಂದೇ ದೇಶದ ಜನರ ನಡುವೆ ಸಮಾನತೆ ಬೆಳೆಯುವುದು, ಮನುಷ್ಯನೇ ಉತ್ತಮಗೊಳ್ಳುತ್ತ ಹೋಗುವುದು ಎಂಬ ಮೂರು ನಿರೀಕ್ಷೆಗಳನ್ನು ಆತ ಅಲ್ಲಿ ಮುಂದಿಡುತ್ತಾನೆ. ಏಷ್ಯಾ, ಆಫ್ರಿಕಾಗಳಲ್ಲಿ ಯುರೋಪಿನ ವ್ಯಾಪಾರಿ ಕಂಪನಿಗಳು ನಡೆಸಿದ ಮೋಸ, ರಕ್ತಪಾತ, ಬೇರೆ ಬಣ್ಣದವರ ಬಗೆಗಿನ ತಾತ್ಸಾರವನ್ನು ಆತ ಮುಚ್ಚಿಡುವುದಿಲ್ಲ. ಅದಕ್ಕೆ ಹಿಂದಿನ ವರ್ಷ, 1792ರಲ್ಲಿ, ಅಂಥದೇ ಒಂದು ಕಂಪನಿ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಒಯ್ದಿತ್ತು ಎಂಬುದನ್ನು ನೆನೆದು ಆ ಪುಟ ಓದಿದರೆ ಅದು ದೂರದ ಮಾತೆನಿಸುವುದಿಲ್ಲ.

ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಭಾಗ. ದುಡಿಯುವ ಕೈ ನಿಂತರೆ ಕುಟುಂಬ ಬೀದಿಗೆ ಬೀಳುತ್ತದೆ. ಇದು ದೈವೇಚ್ಛೆಯಲ್ಲ, ಲೆಕ್ಕ ಹಾಕಿ ತಪ್ಪಿಸಬಹುದಾದ ಅಪಾಯ ಎನ್ನುತ್ತಾನೆ ಆತ. ಜನರ ಆಯುಷ್ಯದ ಸಂಭವನೀಯತೆಯನ್ನು ಲೆಕ್ಕ ಹಾಕಿ ನಿಧಿ ಕಟ್ಟಿದರೆ ವೃದ್ಧರಿಗೆ, ವಿಧವೆಯರಿಗೆ, ತಬ್ಬಲಿಗಳಿಗೆ ನೆರವು ಕೊಡಬಹುದು. ಅಷ್ಟೇ ಅಲ್ಲ, ದುಡಿಮೆಯ ವಯಸ್ಸಿಗೆ ಬಂದು ಸ್ವಂತ ಬದುಕು ಕಟ್ಟಲು ಹೊರಟ ಯುವಜನರಿಗೆ ಮೂಲ ಬಂಡವಾಳವನ್ನೂ ಅದೇ ರೀತಿ ಒದಗಿಸಬಹುದು. ಕೆಲಸವಿಲ್ಲದ ಯುವಕ ಸೋಮಾರಿ ಎಂದು ಒಂದೇ ಮಾತಿನಲ್ಲಿ ಮುಗಿಸದೆ, ಅವನ ಕೈಗೆ ಆರಂಭಕ್ಕೆ ಏನು ಸಿಕ್ಕಿದೆ ಎಂದು ಕೇಳುವುದು ಸಮಾಜಶಾಸ್ತ್ರದ ಪ್ರಶ್ನೆ. ಗಿಲೊಟಿನ್‌ನ ನೆರಳಲ್ಲಿದ್ದವನಿಗೆ ಆ ಪ್ರಶ್ನೆ ಹೊಳೆದಿತ್ತು.

ಕೊನೆಯ ನಡಿಗೆ

ಓಡಿಹೋದವನನ್ನು ಬಚ್ಚಿಟ್ಟವರಿಗೂ ಮರಣದಂಡನೆ ಎಂಬ ಕಾಲ ಅದು. ತನ್ನಿಂದ ಮನೆಯಾಕೆಗೆ ಅಪಾಯವೆಂದು ಹೊರಡಲು ಹೊರಟಾಗಲೆಲ್ಲ ಮದಾಮ್ ವೆರ್ನೆ ತಡೆಯುತ್ತಿದ್ದಳು. ಕಾನೂನು ಒಬ್ಬನನ್ನು ಹೊರಗಿಡಬಹುದು, ಮನುಷ್ಯತ್ವ ಹಾಗೆ ಮಾಡದು ಎಂಬುದು ಆಕೆಯ ನಿಲುವು. 1794ರ ಮಾರ್ಚ್ 25ರಂದು ಆಕೆಯ ಕಣ್ಣು ತಪ್ಪಿಸಿ ಆತ ಹೊರಟೇಬಿಟ್ಟ. ತಿಂಗಳುಗಟ್ಟಲೆ ಕೋಣೆಯೊಳಗೇ ಇದ್ದ ಕಾಲುಗಳು. ನಡೆದು ಫಾಂತನೆ ಎಂಬ ಊರಿನ ಹಳೆಯ ಸ್ನೇಹಿತನ ಮನೆ ತಲುಪಿದ. ಅಲ್ಲಿ ಉಳಿಯಲು ಜಾಗ ಸಿಗಲಿಲ್ಲ. ಬಯಲಲ್ಲಿ ಅಲೆದು ಕ್ಲಮಾರ್ ಎಂಬಲ್ಲಿ ಒಂದು ಹೋಟೆಲಿಗೆ ಹೋಗಿ ಆಮ್ಲೆಟ್ ಕೇಳಿದ. ಎಷ್ಟು ಮೊಟ್ಟೆ ಎಂದಾಗ ಹನ್ನೆರಡು ಎಂದನಂತೆ. ಅಡುಗೆಮನೆಯ ಲೆಕ್ಕ ಗೊತ್ತಿಲ್ಲದ ಈ ಗಣಿತಜ್ಞನ ಮೇಲೆ ಅಲ್ಲಿದ್ದವರಿಗೆ ಅನುಮಾನ ಬಂತು ಎಂಬ ಕಥೆ ಪ್ರಸಿದ್ಧ. ಪಿಯೇರ್ ಸಿಮೊನ್ ಎಂಬ ಸುಳ್ಳು ಹೆಸರು ಹೇಳಿದರೂ ಬಂಧಿಸಿದರು. ಬೂರ್-ಲಾ-ರೆನ್ ಊರಿನ ಸೆರೆಮನೆಯಲ್ಲಿ ಎರಡು ದಿನಗಳ ಬಳಿಕ ಆತ ಸತ್ತು ಬಿದ್ದಿದ್ದ. ವಿಷ ಕುಡಿದನೋ, ಬಳಲಿಕೆಯಿಂದ ಸತ್ತನೋ ಎಂಬ ಬಗ್ಗೆ ಚರಿತ್ರೆಕಾರರಲ್ಲಿ ಒಮ್ಮತವಿಲ್ಲ. ಅವನನ್ನು ಬೇಟೆಯಾಡಿದ ರೊಬೆಸ್ಪಿಯರ್ ಬಣ ಉರುಳಿದ್ದು ನಾಲ್ಕೇ ತಿಂಗಳ ಬಳಿಕ.

1795ರಲ್ಲಿ ಪುಸ್ತಕ ಅಚ್ಚಾಯಿತು. ಅವನನ್ನು ಅಪರಾಧಿ ಎಂದಿದ್ದ ಅದೇ ಸಭೆ 3,000 ಪ್ರತಿಗಳನ್ನು ಕೊಂಡು ಹಂಚಲು ತೀರ್ಮಾನಿಸಿತು. 1798ರಲ್ಲಿ ಮಾಲ್ಥಸ್ ಜನಸಂಖ್ಯೆಯ ಪ್ರಬಂಧ ಬರೆದಾಗ ಕಾಂಡೊರ್ಸೆಯ ಹೆಸರನ್ನು ಶೀರ್ಷಿಕೆಯಲ್ಲೇ ಸೇರಿಸಿ ವಾದಕ್ಕೆ ನಿಂತ. ಅದೇ ವರ್ಷ ಹುಟ್ಟಿದ ಕಾಮ್ಟ್, ಹತ್ತು ಯುಗಗಳ ಕಲ್ಪನೆಯಿಂದ ಸ್ಫೂರ್ತಿ ಪಡೆದು ಮೂರು ಹಂತಗಳ ನಿಯಮವನ್ನು ಮಂಡಿಸಿದ. 1839ರಲ್ಲಿ ಸಮಾಜಶಾಸ್ತ್ರ ಎಂಬ ಹೆಸರನ್ನು ಬಳಕೆಗೆ ತಂದ. ಆದರೆ ಸಂಭವನೀಯತೆಯ ಗಣಿತವನ್ನು ಸಮಾಜಕ್ಕೆ ಅನ್ವಯಿಸುವುದನ್ನು ಆತ ಒಪ್ಪಲಿಲ್ಲ. ಹೆಣ್ಣು ಗಂಡಿಗೆ ಸಮ ಎಂಬುದನ್ನೂ ಒಪ್ಪಲಿಲ್ಲ. ಇಂದು ಮಾದರಿ ಸಮೀಕ್ಷೆ ಮಾಡುವ, ಲಿಂಗ ಸಮಾನತೆಯ ಬಗ್ಗೆ ಪಿಎಚ್.ಡಿ. ಬರೆಯುವ ಸಮಾಜಶಾಸ್ತ್ರ ಈ ಎರಡು ವಿಷಯಗಳಲ್ಲಿ ಕಾಮ್ಟ್‌ಗಿಂತ ಕಾಂಡೊರ್ಸೆಗೇ ಹತ್ತಿರ.

ಅವನ ಎಲ್ಲ ಮಾತೂ ನನಗೆ ಒಪ್ಪಿಗೆಯಿಲ್ಲ. ಚರಿತ್ರೆ ಮೇಲಕ್ಕೇ ಹೋಗುತ್ತದೆ, ಆ ದಾರಿಯಲ್ಲಿ ಯುರೋಪು ಎಲ್ಲರಿಗಿಂತ ಮುಂದಿದೆ ಎಂಬ ಅವನ ನಂಬಿಕೆಯನ್ನು ನಂತರದ ಎರಡು ಮಹಾಯುದ್ಧಗಳು ಸುಳ್ಳಾಗಿಸಿವೆ. ಆದರೆ ಅವನ ಭರವಸೆ, ಎಲ್ಲ ಒಳ್ಳೆಯದಾಗುತ್ತದೆ ಬಿಡು ಎಂದು ಬೆನ್ನು ತಟ್ಟುವ ಮಾತಲ್ಲ. ಜನ ಕಲಿತರೆ, ಸ್ವಂತವಾಗಿ ಯೋಚಿಸಿದರೆ, ಬಡತನದ ಅಪಾಯವನ್ನು ಸಮಾಜ ಹಂಚಿಕೊಂಡರೆ ಎಂಬ ಷರತ್ತುಗಳ ಮೇಲೆ ಅದು ನಿಂತಿದೆ. ಆ ಷರತ್ತುಗಳು ಪೂರೈಸುತ್ತಿವೆಯೇ ಎಂದು ಅಳೆದು ನೋಡುವುದೇ ನಮ್ಮ ಶಾಸ್ತ್ರದ ಕೆಲಸ ಎಂದು ನಾನು ತಿಳಿದಿದ್ದೇನೆ. ಸಮಾಜಶಾಸ್ತ್ರ ಓದಿ ಏನು ಮಾಡುತ್ತೀಯ ಎಂದು ಯಾರಾದರೂ ಕೇಳಿದರೆ ಈಗ ಹೇಳಲು ನನ್ನ ಬಳಿ ಒಂದು ಉತ್ತರವಿದೆ.

ಅಡಗಿದ್ದಾಗ ಆತ ಮಗಳಿಗೂ ಒಂದು ಬರಹ ಬಿಟ್ಟಿದ್ದ. ಯಾರ ಹಂಗಿಲ್ಲದೆ ನಿನ್ನ ಕೈಯ ದುಡಿಮೆಯಿಂದ ಬದುಕುವುದನ್ನು ಕಲಿ ಎಂಬುದು ಅದರ ಸಾರ. ಎಲಿಜಾಗೆ ಆಗ ನಾಲ್ಕು ವರ್ಷವೂ ತುಂಬಿರಲಿಲ್ಲ. ಅಪ್ಪ ಸತ್ತು ಅರ್ಧ ಶತಮಾನ ಕಳೆದ ಮೇಲೆ, 1847ರಿಂದ 1849ರ ನಡುವೆ, ಅವನ ಬರಹಗಳು 12 ಸಂಪುಟಗಳಲ್ಲಿ ಹೊರಬಂದವು. ಆ ಕೆಲಸದ ಹಿಂದೆ ನಿಂತು ಅಪ್ಪನ ಹಾಳೆಗಳನ್ನು ಕಾಪಾಡಿಕೊಂಡು ಬಂದವಳು ಅದೇ ಎಲಿಜಾ.